ಮೋಟಾರ್ ಸೈಕಲ್ಲಿನ ಹಿಂಬದಿ ಶಾಕ್ ಅಬ್ಸಾರ್ಬರ್

ಮೋಟಾರ್ ಸೈಕಲ್ಲಿನ ಹಿಂಚಕ್ರಕ್ಕೂ ಚೌಕಟ್ಟಿಗೂ ನಡುವೆ ಕೂತು, ಸವಾರ ಮತ್ತು ಸಾಮಾನಿನ ತೂಕ ಹೊತ್ತು, ರಸ್ತೆಯ ಏರುತಗ್ಗಿನ ಪೆಟ್ಟು ನೇರವಾಗಿ ಮೇಲಕ್ಕೆ ಮುಟ್ಟದಂತೆ ತಡೆಯುವ ಸಾಧನ. ಪುಸ್ತಕಗಳಲ್ಲಿ ಇದಕ್ಕೆ ಆಘಾತ ಶಮನಕ ಎಂಬ ಹೆಸರಿದ್ದರೂ ಗ್ಯಾರೇಜಿನಲ್ಲೂ ಬಿಡಿಭಾಗದ ಅಂಗಡಿಯಲ್ಲೂ ಅದು ಬರಿಯ 'ಶಾಕ್'. ಹೆಸರು ಒಂದೇ ಆದರೂ ಒಳಗಿರುವ ಅಂಗಗಳು ಎರಡು: ತೂಕ ಹೊರುವ ಸ್ಪ್ರಿಂಗ್, ಮತ್ತು ಆ ಸ್ಪ್ರಿಂಗಿನ ಕುಣಿತಕ್ಕೆ ಕಡಿವಾಣ ಹಾಕುವ ಡ್ಯಾಂಪರ್. ಸ್ಪ್ರಿಂಗ್ ಬಹುಕಾಲ ಬಾಳುತ್ತದೆ, ಡ್ಯಾಂಪರ್ ಅದಕ್ಕಿಂತ ಬೇಗ ಸೋಲುತ್ತದೆ. ಹೀಗಾಗಿ ಶಾಕ್ ಬದಲಾವಣೆ ಎಂದರೆ ಹೆಚ್ಚಿನ ಸಂದರ್ಭಗಳಲ್ಲಿ ಸೋತ ಡ್ಯಾಂಪರಿನ ಬದಲಾವಣೆ. ಎರಡೂ ಪಕ್ಕಕ್ಕೆ ಒಂದೊಂದು ಶಾಕ್ ಇರುವ ಗಾಡಿಗಳಲ್ಲಿ ಈ ಕೆಲಸವನ್ನು ಸಾಮಾನ್ಯ ಸ್ಪ್ಯಾನರುಗಳಿಂದ ಮನೆಯಂಗಳದಲ್ಲೇ ಮಾಡಬಹುದು. ನಡುವೆ ಒಂದೇ ಶಾಕ್ ಇರುವ ಗಾಡಿಗಳಲ್ಲಿ ಹೆಚ್ಚಿನ ತಯಾರಿ ಬೇಕು. ಬೋಲ್ಟ್ ಬಿಚ್ಚುವ ಮೊದಲು, ಆ ಕ್ಷಣದಲ್ಲಿ ಗಾಡಿಯ ತೂಕ ಯಾವುದರ ಮೇಲೆ ನಿಂತಿದೆ ಎಂದು ಅರಿಯುವುದೇ ಎರಡೂ ಬಗೆಯಲ್ಲಿ ಕೆಲಸದ ಕೀಲಿ.

ರಚನೆ ಮತ್ತು ಕೆಲಸ

ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ತನ್ನ ಮುಂತುದಿಯಲ್ಲಿ ಚೌಕಟ್ಟಿಗೆ ಕೀಲುಗೂಡಿದ್ದು, ಬಾಗಿಲಿನ ರೆಕ್ಕೆಯಂತೆ ಮೇಲೆ ಕೆಳಗೆ ಆಡುತ್ತದೆ. ಶಾಕಿನ ಕೆಳಗಣ್ಣು ಈ ಆರ್ಮಿಗೂ ಮೇಲ್ಗಣ್ಣು ಚೌಕಟ್ಟಿಗೂ ಸೇರುತ್ತವೆ. ಕಣ್ಣುಗಳೊಳಗೆ ಉಕ್ಕಿನ ತೋಳು ಮತ್ತು ರಬ್ಬರಿನ ಬುಷ್ ಇರುತ್ತವೆ.

ಸ್ಪ್ರಿಂಗ್ ಹುಕ್‌ನ ನಿಯಮಕ್ಕೆ ಬದ್ಧ. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ಆ ನಿಯಮದಂತೆ, ಒತ್ತುವ ಬಲ ಎರಡರಷ್ಟಾದರೆ ಕುಗ್ಗುವ ಉದ್ದವೂ ಎರಡರಷ್ಟು. ಸುರುಳಿ ಸ್ಪ್ರಿಂಗಿನ ಬಿಗುವು ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದರಿಂದ, ತಂತಿಯ ದಪ್ಪ ಶೇ. 10ರಷ್ಟು ಹೆಚ್ಚಿದರೆ ಬಿಗುವು ಶೇ. 46ರಷ್ಟು ಏರುತ್ತದೆ. ಕಣ್ಣಳತೆಗೆ ಒಂದೇ ತೆರನಾಗಿ ಕಾಣುವ ಎರಡು ಸ್ಪ್ರಿಂಗುಗಳು ಸವಾರಿಯಲ್ಲಿ ಬೇರೆಬೇರೆಯಾಗಿ ವರ್ತಿಸುವುದು ಇದರಿಂದಲೇ.

ಒತ್ತಿದ ಸ್ಪ್ರಿಂಗ್ ಪಡೆದ ಶಕ್ತಿಯನ್ನು ನುಂಗುವುದಿಲ್ಲ, ಹಿಂದಿರುಗಿಸುತ್ತದೆ. ಬರಿಯ ಸ್ಪ್ರಿಂಗಿನ ಗಾಡಿ ಒಂದು ಉಬ್ಬು ದಾಟಿದ ಮೇಲೂ ತೂಗುತ್ತಲೇ ಇರುತ್ತದೆ. ಈ ತೂಗಾಟವನ್ನು ಅಡಗಿಸುವುದು ಡ್ಯಾಂಪರಿನ ಪಾಲು. ಎಣ್ಣೆ ತುಂಬಿದ ಕೊಳವೆಯಲ್ಲಿ ಪಿಸ್ಟನ್ ಓಡಾಡಿ, ತನ್ನಲ್ಲಿರುವ ಸಣ್ಣ ರಂಧ್ರಗಳು ಮತ್ತು ತೆಳು ಉಕ್ಕಿನ ಬಿಲ್ಲೆಗಳ ಮೂಲಕ ಎಣ್ಣೆಯನ್ನು ಬಲವಂತವಾಗಿ ದಾಟಿಸುತ್ತದೆ. ಚಲನೆಯ ಶಕ್ತಿ ಎಣ್ಣೆಯ ಬಿಸಿಯಾಗಿ ಹೊರಗಿನ ಗಾಳಿಗೆ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಓಡಿದ ಮೇಲೆ ಶಾಕಿನ ಮೈ ಬೆಚ್ಚಗಿರುವುದು ಅದು ದುಡಿದಿದೆ ಎಂಬುದರ ಗುರುತು. ಜೋಡಿಯಲ್ಲಿ ಒಂದು ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ, ತಣ್ಣಗಿರುವುದು ಸೋತಿರುವ ಸಂಭವ ಹೆಚ್ಚು.

ಕುಗ್ಗುವಾಗಿನ ತಡೆಗಿಂತ ಹಿಗ್ಗುವಾಗಿನ ತಡೆಯನ್ನು ಸಾಮಾನ್ಯವಾಗಿ ಹೆಚ್ಚಾಗಿ ಇಡುತ್ತಾರೆ. ಚಕ್ರ ಉಬ್ಬನ್ನು ಹತ್ತುವಾಗ ಬೇಗ ಮೇಲೇಳಬೇಕು; ಇಳಿಯುವಾಗ ಸ್ಪ್ರಿಂಗ್ ಕೂಡಿಟ್ಟ ಬಲದಿಂದ ಸೀಟನ್ನು ಎತ್ತಿ ಎಸೆಯಬಾರದು.

ಶಾಕ್ ಸ್ವಿಂಗ್ ಆರ್ಮಿನಲ್ಲಿ ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಚಕ್ರ 100 ಮಿಮೀ ಮೇಲೇಳುವಾಗ ಶಾಕ್ 50 ಮಿಮೀ ಮಾತ್ರ ಕುಗ್ಗಿದರೆ ಸನ್ನೆಯ ಪ್ರಮಾಣ ಎರಡು. ಆಗ ಚಕ್ರದ ಬಳಿ ತೋರುವ ಬಿಗುವು ಸ್ಪ್ರಿಂಗಿನ ಬಿಗುವಿನ ಕಾಲುಭಾಗ. ಒಂದು ಗಾಡಿಯ ಶಾಕ್ ಕಣ್ಣಿನ ಅಳತೆಯಲ್ಲಿ ಇನ್ನೊಂದಕ್ಕೆ ಸರಿಹೊಂದಿದರೂ ಗುಣದಲ್ಲಿ ಹೊಂದಬೇಕೆಂದಿಲ್ಲ ಎನ್ನುವುದಕ್ಕೆ ಈ ಲೆಕ್ಕವೇ ಕಾರಣ.

ಇತಿಹಾಸ

ಮೊದಮೊದಲ ಮೋಟಾರ್ ಸೈಕಲ್ಲುಗಳ ಹಿಂಚಕ್ರ ಬೈಸಿಕಲ್ಲಿನಂತೆ ಚೌಕಟ್ಟಿಗೇ ಬಿಗಿದಿರುತ್ತಿತ್ತು. ಸವಾರನಿಗೆ ಆಸರೆ ಸೀಟಿನಡಿಯ ಸ್ಪ್ರಿಂಗುಗಳು ಮಾತ್ರ. ಅಮೆರಿಕದ ಇಂಡಿಯನ್ ಕಂಪನಿ 1913ರಲ್ಲಿ ಪಟ್ಟಿ ಸ್ಪ್ರಿಂಗುಗಳ ಮೇಲೆ ಆಡುವ ಹಿಂಚಕ್ರವನ್ನು ಕೊಟ್ಟಿತು. ಇಂಗ್ಲೆಂಡಿನ ಫಿಲಿಪ್ ವಿನ್ಸೆಂಟ್ 1928ರಲ್ಲಿ ತ್ರಿಕೋನಾಕಾರದ ಹಿಂಫೋರ್ಕನ್ನು ಸೀಟಿನಡಿಯ ಸ್ಪ್ರಿಂಗುಗಳಿಗೆ ಒರಗಿಸುವ ವಿನ್ಯಾಸಕ್ಕೆ ಪೇಟೆಂಟ್ ಪಡೆದ. ಆದರೂ ಆಡುವ ಹಿಂಚಕ್ರ ಗಾಡಿಯ ಹಿಡಿತ ಕೆಡಿಸುತ್ತದೆ ಎಂಬ ಅಳುಕು ಬಹುಕಾಲ ಉಳಿಯಿತು. ಅಂದಿನ ಸಡಿಲ ಕೀಲುಗಳನ್ನು ನೋಡಿದರೆ ಅದು ಪೂರ್ತಿ ತಪ್ಪೂ ಆಗಿರಲಿಲ್ಲ.

ನಡುವಿನ ಕಾಲದಲ್ಲಿ ಪ್ಲಂಜರ್ ಎಂಬ ರಾಜಿ ಏರ್ಪಾಡು ಬಂತು. ಚಕ್ರದ ಅಚ್ಚು ಎರಡು ಲಂಬ ಗೂಟಗಳ ಮೇಲೆ ಸ್ಪ್ರಿಂಗುಗಳ ನಡುವೆ ಸ್ವಲ್ಪವೇ ಮೇಲೆ ಕೆಳಗೆ ಜಾರುತ್ತಿತ್ತು. ಬಿಎಂಡಬ್ಲ್ಯು 1938ರಲ್ಲಿ ಇದನ್ನು ಬಳಸಿತು. ಬ್ರಿಟನ್ನಿನ ಟ್ರಯಂಫ್ ಕಂಪನಿ ಸ್ಪ್ರಿಂಗುಗಳನ್ನು ಚಕ್ರದ ಹಬ್ಬಿನೊಳಗೇ ಅಡಗಿಸಿತು. ಅವು ಎಷ್ಟು ಬಿಗಿಯಾಗಿದ್ದವೆಂದರೆ, ಅರಿಯದೆ ಬಿಚ್ಚಬಾರದೆಂಬ ಎಚ್ಚರಿಕೆಯನ್ನು ಹಬ್ಬಿನ ಮೈಮೇಲೆಯೇ ಅಚ್ಚು ಹಾಕಿದ್ದರು.

ಎರಡನೆಯ ಮಹಾಯುದ್ಧದ ನಂತರ ಸ್ವಿಂಗ್ ಆರ್ಮ್ ಮತ್ತು ಎಣ್ಣೆಯ ಜೋಡಿ ಶಾಕುಗಳ ಏರ್ಪಾಡು ಗೆದ್ದಿತು. ರಾಯಲ್ ಎನ್‌ಫೀಲ್ಡ್ ಬುಲೆಟ್ 1948ರಲ್ಲಿ ಇಂಥ ಹಿಂಬದಿಯೊಡನೆ ಸ್ಪರ್ಧೆಗಳಲ್ಲಿ ಕಾಣಿಸಿಕೊಂಡಿತು. ರೆಕ್ಸ್ ಮೆಕ್ಯಾಂಡ್ಲೆಸ್ ರೂಪಿಸಿದ ನಾರ್ಟನ್ನಿನ 'ಫೆದರ್‌ಬೆಡ್' ಚೌಕಟ್ಟು 1950ರ ಪಂದ್ಯಗಳಲ್ಲಿ ಇದರ ಮೇಲ್ಮೆಯನ್ನು ಸಾಬೀತುಮಾಡಿತು. ಅದೇ ದಶಕದಲ್ಲಿ ಫ್ರಾನ್ಸಿನ ಕ್ರಿಸ್ಟಿಯಾನ್ ದ ಕಾರ್ಬನ್ ಹೆಚ್ಚು ಒತ್ತಡದ ಅನಿಲ ತುಂಬಿದ ಡ್ಯಾಂಪರನ್ನು ಬಳಕೆಗೆ ತಂದ. ಎಡೆಬಿಡದ ಓಡಾಟದಲ್ಲಿ ಎಣ್ಣೆ ಗಾಳಿಗೂಡಿ ನೊರೆಯಾದರೆ ತಡೆ ಕುಸಿಯುತ್ತದೆ. ಒತ್ತಡದ ನೈಟ್ರೋಜನ್ ಆ ನೊರೆಯನ್ನು ಕಟ್ಟಿಹಾಕುತ್ತದೆ.

ಮುಂದಿನ ತಿರುವು ಮಣ್ಣಿನ ಪಂದ್ಯಗಳಿಂದ ಬಂತು. ಬೆಲ್ಜಿಯಮ್ಮಿನ ಎಂಜಿನಿಯರ್ ಲೂಸಿಯಾಂ ಟಿಲ್ಕೆನ್ಸ್ ಕಂಡುಹಿಡಿದ ಒಂಟಿ ಶಾಕಿನ ಏರ್ಪಾಡನ್ನು ಯಮಾಹಾ ಕೊಂಡಿತು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಅಂಥ ಗಾಡಿಯಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವ ಪ್ರಶಸ್ತಿ ಗೆದ್ದ. 1980ರ ಸುಮಾರಿಗೆ ಕವಾಸಾಕಿ, ಹೋಂಡಾ, ಸುಜುಕಿ ಕಂಪನಿಗಳು ಆರ್ಮಿಗೂ ಶಾಕಿಗೂ ನಡುವೆ ಸನ್ನೆಗಳ ಒಂದು ಸರಣಿಯನ್ನು ಸೇರಿಸಿದವು. ಇದರಿಂದ ಚಕ್ರ ಮೇಲೇರಿದಂತೆಲ್ಲ ತಡೆ ಬಿಗಿಯಾಗುತ್ತ ಹೋಗುತ್ತದೆ.

ಭಾರತದಲ್ಲಿ

ಈ ಬೆಳವಣಿಗೆಯ ಒಂದು ಘಟ್ಟ ಮೈಸೂರಿನಲ್ಲಿ ನೆಲೆಗೊಂಡಿತು. ಜೆಕೊಸ್ಲೊವಾಕಿಯದ ಜಾವಾ ಕಂಪನಿ ಯುದ್ಧಾನಂತರ ಹೊರತಂದ 250 ಸಿಸಿ ಗಾಡಿಗೆ ಪ್ಲಂಜರ್ ಹಿಂಬದಿ ಇತ್ತು. ಜೆಕ್ ಜನ ಅದನ್ನು ಸ್ಪ್ರಿಂಗ್ ಎಂಬರ್ಥದ ಪದದಿಂದ 'ಪೆರಾಕ್' ಎಂದು ಕರೆದರು. 1950ರ ದಶಕದ ಮಾದರಿಗೆ ಸ್ವಿಂಗ್ ಆರ್ಮ್ ಬಂದಾಗ ಅದಕ್ಕೂ ತೂಗುವುದು ಎಂಬರ್ಥದ 'ಕೀವಾಚ್ಕಾ' ಎಂಬ ಅಡ್ಡಹೆಸರು ಅಂಟಿತು. ಹಿಂಬದಿಯ ಏರ್ಪಾಡಿನಿಂದಲೇ ಗಾಡಿಗೆ ಹೆಸರು ಬಂದದ್ದು, ಆ ಕಾಲದ ಜನಕ್ಕೆ ಇದೆಷ್ಟು ಹೊಸದಾಗಿತ್ತು ಎಂಬುದನ್ನು ಹೇಳುತ್ತದೆ. ಈ ಎರಡನೆಯ ಪೀಳಿಗೆಯ ಗಾಡಿಯೇ ಐಡಿಯಲ್ ಜಾವಾ ಕಂಪನಿಯ ಮೂಲಕ ಮೈಸೂರಿನ ಯಾದವಗಿರಿ ಕಾರ್ಖಾನೆಯಲ್ಲಿ 1961ರಿಂದ ತಯಾರಾಗತೊಡಗಿತು. ಮುಂದೆ ಯೆಜ್ಡಿ ಹೆಸರು ತಳೆದು, ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಜೋಡಿ ಶಾಕಿನ ಸಂಪ್ರದಾಯವೇ ಅಲ್ಲಿ ಮುಂದುವರಿಯಿತು. ಬುಲೆಟ್ 1955ರಿಂದ ಮದರಾಸಿನಲ್ಲಿ ಸಿದ್ಧವಾಗತೊಡಗಿತ್ತು.

ಒಂಟಿ ಶಾಕ್ ಭಾರತದ ಸಾಮಾನ್ಯ ಸವಾರರ ಕೈಗೆ ವ್ಯಾಪಕವಾಗಿ ಬಂದದ್ದು 2008ರಲ್ಲಿ ಯಮಾಹಾದ ಆರ್15 ಮತ್ತು ಎಫ್‌ಝಡ್ ಮಾದರಿಗಳು ಬಂದ ಮೇಲೆ. 2016ರ ಹಿಮಾಲಯನ್ ಮೂಲಕ ರಾಯಲ್ ಎನ್‌ಫೀಲ್ಡ್ ಕೂಡ ಆ ದಾರಿ ಹಿಡಿಯಿತು. ಆದರೂ 100ರಿಂದ 125 ಸಿಸಿಯ ದಿನಬಳಕೆಯ ಗಾಡಿಗಳಲ್ಲಿ ಜೋಡಿ ಶಾಕೇ ರೂಢಿ. ಬೆಲೆ ಕಡಿಮೆ, ಬಿಚ್ಚುವುದು ಸುಲಭ, ಹಾಲಿನ ಕ್ಯಾನು, ಗೊಬ್ಬರದ ಚೀಲ, ಹಿಂಬದಿ ಸವಾರ ಎಲ್ಲವೂ ಕೂರುವ ಜಾಗದ ನೇರ ಕೆಳಗೇ ಆಸರೆ. ಗೇರಿಲ್ಲದ ಸ್ಕೂಟರುಗಳಲ್ಲಿ ಎಂಜಿನ್ನೇ ಸ್ವಿಂಗ್ ಆರ್ಮಿನ ಕೆಲಸ ಮಾಡುವುದರಿಂದ ಹಲವು ಮಾದರಿಗಳಿಗೆ ಒಂದು ಪಕ್ಕದಲ್ಲಿ ಒಂದೇ ಶಾಕ್ ಸಾಕಾಗುತ್ತದೆ.

ಸವೆತದ ಲಕ್ಷಣಗಳು

ಡ್ಯಾಂಪರ್ ದಿಢೀರನೆ ಕೆಡುವುದು ಕಡಿಮೆ. ಮೆಲ್ಲಮೆಲ್ಲಗೆ ಸೋಲುತ್ತದೆ, ಸವಾರ ಅದಕ್ಕೆ ಒಗ್ಗಿಹೋಗುತ್ತಾನೆ. ಕಣ್ಣಿಗೆ ಕಾಣುವ ಮೊದಲ ಗುರುತು ಪಿಸ್ಟನ್ ರಾಡಿನ ಬುಡದಲ್ಲಿ ಎಣ್ಣೆ ಜಿನುಗಿ ಧೂಳು ಮೆತ್ತಿ ಆದ ಕಪ್ಪು ಕೆಸರು. ರಾಡಿನ ಮೇಲೆ ತುಕ್ಕಿನ ಚುಕ್ಕೆಯೋ ಗೀರೋ ಇದ್ದರೆ ಅದು ಆಯಿಲ್ ಸೀಲನ್ನು ಕೆರೆದು ಸೋರಿಕೆಗೆ ದಾರಿ ಮಾಡುತ್ತದೆ. ಸೋರಿದ ಎಣ್ಣೆ ಟೈರಿಗೋ ಬ್ರೇಕಿಗೋ ಇಳಿದರೆ ಅಪಾಯ.

ಗಾಡಿಯ ಹಿಂಭಾಗವನ್ನು ಕೈಯಿಂದ ಬಲವಾಗಿ ಅದುಮಿ ಬಿಡುವುದು ಸುಲಭದ ಪರೀಕ್ಷೆ. ಒಮ್ಮೆ ಮೇಲೆದ್ದು ನಿಂತರೆ ಡ್ಯಾಂಪರ್ ಬದುಕಿದೆ. ಎರಡು ಮೂರು ಸಲ ತೂಗಿದರೆ ಸೋತಿದೆ. ತಿರುವಿನಲ್ಲಿ ಹಿಂಭಾಗ ಓಲಾಡುವುದು, ಸಣ್ಣ ಗುಂಡಿಗೂ ತಳ ಬಡಿದಂತೆ ಸದ್ದಾಗುವುದು, ಟೈರಿನ ಮೇಲ್ಮೈ ಅಲೆಯಲೆಯಾಗಿ ಸವೆಯುವುದು ಉಳಿದ ಲಕ್ಷಣಗಳು. ಕಟಕಟ ಸದ್ದು ಮಾತ್ರ ಇದ್ದರೆ ಬುಷ್ಷನ್ನು ಮೊದಲು ನೋಡಬೇಕು. ಎಷ್ಟೋ ಸಲ ಶಾಕ್ ಗಟ್ಟಿಯಾಗಿದ್ದು ಕಣ್ಣಿನ ರಬ್ಬರ್ ಮಾತ್ರ ಹರಿದಿರುತ್ತದೆ. ಸ್ವಿಂಗ್ ಆರ್ಮಿನ ಕೀಲು ಸಡಿಲವಾದರೂ ಇಂಥದೇ ಓಲಾಟ ಬರುವುದರಿಂದ, ಹಿಂಚಕ್ರವನ್ನು ಎಡಬಲಕ್ಕೆ ಅಲುಗಿಸಿ ನೋಡದೆ ಹೊಸ ಶಾಕ್ ಕೊಳ್ಳುವುದು ದುಡುಕು.

ಆಯ್ಕೆ

ಹೊಸ ಶಾಕ್ ಕೊಳ್ಳುವಾಗ ಎರಡು ಕಣ್ಣುಗಳ ನಡುವಿನ ಉದ್ದ, ಕಣ್ಣಿನ ರಂಧ್ರದ ಅಳತೆ, ಬುಷ್ಷಿನ ಅಗಲ ಮತ್ತು ಸ್ಪ್ರಿಂಗಿನ ಬಿಗುವು ಹೊಂದಬೇಕು. ಉದ್ದನೆಯ ಶಾಕ್ ಹಾಕಿದರೆ ಗಾಡಿ ಎತ್ತರವಾಗಿ ಚೆನ್ನಾಗಿ ಕಾಣಬಹುದು. ಆದರೆ ಹಿಂಭಾಗ ಎದ್ದಂತೆ ಮುಂದಿನ ಫೋರ್ಕ್ ನೆಟ್ಟಗಾಗಿ ಹ್ಯಾಂಡಲ್ ಚುರುಕಾಗುತ್ತದೆ, ವೇಗದಲ್ಲಿ ನೇರ ಓಟದ ಸ್ಥಿರತೆ ತಗ್ಗುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ, ಹೆಡ್‌ಲೈಟಿನ ಬೆಳಕು ಕೆಳಗಿಳಿಯುತ್ತದೆ, ಚೈನು ಆರ್ಮಿಗೆ ಉಜ್ಜಬಹುದು. ಜೋಡಿ ಶಾಕಿನಲ್ಲಿ ಒಂದೇ ಕೆಟ್ಟಿದ್ದರೂ ಎರಡನ್ನೂ ಬದಲಿಸುವುದು ಕ್ರಮ. ಹಳತು ಹೊಸತು ಜೊತೆಗೂಡಿದರೆ ಎರಡು ಪಕ್ಕದ ತಡೆ ಬೇರೆಯಾಗಿ ಸ್ವಿಂಗ್ ಆರ್ಮಿನ ಮೇಲೆ ತಿರುಚುವ ಬಲ ಬೀಳುತ್ತದೆ.

ಮನೆಯಲ್ಲಿ ಬದಲಾಯಿಸುವ ಕ್ರಮ: ಜೋಡಿ ಶಾಕ್

ಗಟ್ಟಿಯಾದ ಸಮತಟ್ಟು ನೆಲ, ಡಬಲ್ ಸ್ಟ್ಯಾಂಡ್, ಅಳತೆಗೊಪ್ಪುವ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್, ಒಂದೆರಡು ಮರದ ಹಲಗೆ, ತುಕ್ಕು ಬಿಡಿಸುವ ಎಣ್ಣೆ, ಸ್ವಲ್ಪ ಗ್ರೀಸ್ ಮತ್ತು ಟಾರ್ಕ್ ವ್ರೆಂಚ್ ಇದ್ದರೆ ಸಾಕು. ಮೂಲೆ ಸವೆದ ನಟ್ಟಿಗೆ ಬಾಯಿತೆರೆದ ಸ್ಪ್ಯಾನರ್ ಹಾಕಿದರೆ ಜಾರುತ್ತದೆ. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರುವುದು ಒಳ್ಳೆಯದು. ಬಿಸಿ ಸೈಲೆನ್ಸರಿನ ಪಕ್ಕದಲ್ಲೇ ಕೈಯಾಡಿಸಬೇಕಾದ್ದರಿಂದ ಗಾಡಿ ತಣ್ಣಗಾಗಿರಬೇಕು.

ಡಬಲ್ ಸ್ಟ್ಯಾಂಡಿನಲ್ಲಿ ನಿಂತ ಗಾಡಿಯ ಹಿಂಚಕ್ರ ಗಾಳಿಯಲ್ಲಿ ತೂಗುತ್ತದೆ. ಗಾಡಿಯ ತೂಕ ಸ್ಟ್ಯಾಂಡಿನ ಮೇಲಿದ್ದರೂ ಚಕ್ರ ಮತ್ತು ಆರ್ಮಿನ ತೂಕ ಶಾಕಿನಿಂದ ಜೋತುಬಿದ್ದಿರುತ್ತದೆ. ಟೈರಿನಡಿ ಹಲಗೆ ಸರಿಸಿ ಚಕ್ರವನ್ನು ಕೂದಲೆಳೆಯಷ್ಟು ಎತ್ತಿದರೆ ಆ ತೂಕ ನೆಲಕ್ಕಿಳಿದು ಬೋಲ್ಟ್ ಹಗುರಾಗುತ್ತದೆ. ನಟ್ ಬಂದ ಮೇಲೂ ಬೋಲ್ಟ್ ಹಠ ಹಿಡಿದರೆ ಸುತ್ತಿಗೆ ಎತ್ತುವ ಮೊದಲು ಹಲಗೆಯನ್ನು ತುಸು ಏರಿಸಿ ಇಳಿಸಿ ನೋಡಬೇಕು. ತುಕ್ಕಿಲ್ಲದ ಬೋಲ್ಟ್ ಜಾರದಿದ್ದರೆ ಅದರ ಮೇಲೆ ಇನ್ನೂ ತೂಕವಿದೆ ಎಂದೇ ಅರ್ಥ.

ಒಂದು ಪಕ್ಕದ ಕೆಲಸ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟದಿರುವುದು ಈ ಕೆಲಸದ ಮುಖ್ಯ ಉಪಾಯ. ಉಳಿದ ಶಾಕ್ ಆರ್ಮನ್ನು ಸರಿಯಾದ ಎತ್ತರದಲ್ಲಿ ಹಿಡಿದಿರುತ್ತದೆ, ಹೊಸತರ ಕಣ್ಣುಗಳು ತಾವಾಗಿ ಎದುರಾಗುತ್ತವೆ. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಚಕ್ರ ಕುಸಿದು, ರಂಧ್ರ ಹೊಂದಿಸುವುದೇ ಅರ್ಧ ದಿನದ ಕೆಲಸವಾದೀತು.

ಕೆಲವು ಮಾದರಿಗಳಲ್ಲಿ ಪಕ್ಕದ ಮುಚ್ಚಳ, ಸಾರಿಗಾರ್ಡ್ ಅಥವಾ ಹಿಂಬದಿ ಸವಾರರ ಹಿಡಿಕೆ ಅಡ್ಡ ಬರುತ್ತವೆ. ಅವನ್ನು ಮೊದಲು ತೆಗೆಯಬೇಕು. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ವಾಷರುಗಳ ಸರದಿ ತಪ್ಪುವುದಿಲ್ಲ. ಒಳಗಿನ ವಾಷರ್ ಹೊರಗಾದರೆ ಶಾಕ್ ಓರೆಯಾಗಿ ಕೂತು ಬುಷ್ ಬೇಗ ಹರಿಯುತ್ತದೆ.

ಅಡ್ಡ ಮಲಗಿಸಿಟ್ಟಿದ್ದ ಶಾಕಿನೊಳಗೆ ಗಾಳಿ ಎಣ್ಣೆಯ ಜಾಗಕ್ಕೆ ಸರಿದಿರಬಹುದು. ಎರಡು ಕೊಳವೆಯ ಸಾಧಾರಣ ಶಾಕನ್ನು ಗಾಡಿಯಲ್ಲಿ ಕೂರುವಂತೆಯೇ ನೆಟ್ಟಗೆ ಹಿಡಿದು ಕೆಲವು ಸಲ ಒತ್ತಿ ಬಿಟ್ಟರೆ ತಡೆ ಸಮನಾಗುತ್ತದೆ. ಇಂಥ ಶಾಕನ್ನು ತಲೆಕೆಳಗು ಕೂರಿಸುವಂತಿಲ್ಲ. ಚೌಕಟ್ಟಿನ ಗೂಟದ ಮೇಲಿನ ತುಕ್ಕನ್ನು ಉಜ್ಜಿ ತೆಳುವಾಗಿ ಗ್ರೀಸ್ ಸವರಿ, ಮೇಲ್ಗಣ್ಣನ್ನು ಮೊದಲು ಏರಿಸಿ, ಹಲಗೆಯಿಂದ ಚಕ್ರದ ಎತ್ತರ ಹೊಂದಿಸುತ್ತ ಕೆಳಗಿನ ಬೋಲ್ಟನ್ನು ಕೈಯಿಂದಲೇ ತೂರಿಸಬೇಕು. ಎರಡು ತುದಿಯೂ ಕೂತ ಮೇಲೆ ನಟ್ಟುಗಳನ್ನು ತಯಾರಕರು ಹೇಳಿದ ಟಾರ್ಕಿಗೆ ಬಿಗಿಯುವುದು ಕ್ರಮ. ಪ್ರತಿ ಮಾದರಿಗೂ ಈ ಅಂಕಿ ಬೇರೆ. ನೈಲಾನ್ ಬಳೆಯ ಲಾಕ್ ನಟ್ ಇದ್ದರೆ ಹೊಸದನ್ನೇ ಹಾಕುವುದು ಸರಿ.

ಒಂಟಿ ಶಾಕ್

ಒಂಟಿ ಶಾಕಿನ ಗಾಡಿಯಲ್ಲಿ ಆಸರೆಗೆ ಇನ್ನೊಂದಿಲ್ಲ. ಬೋಲ್ಟ್ ಕಳಚಿದ ಕ್ಷಣವೇ ಹಿಂಭಾಗ ಕುಸಿಯುತ್ತದೆ. ಇಂಥ ಹಲವು ಗಾಡಿಗಳಿಗೆ ಡಬಲ್ ಸ್ಟ್ಯಾಂಡೂ ಇರುವುದಿಲ್ಲ. ಪ್ಯಾಡಕ್ ಸ್ಟ್ಯಾಂಡಿನಲ್ಲಿ ಚಕ್ರ ಮೇಲೆದ್ದಿದ್ದರೂ ಅದು ಗಾಡಿಯನ್ನು ಎತ್ತಿರುವುದು ಸ್ವಿಂಗ್ ಆರ್ಮಿನಿಂದ. ಗಾಡಿಯ ತೂಕ ಶಾಕಿನ ಮೂಲಕವೇ ಹಾದುಹೋಗುತ್ತಿರುತ್ತದೆ. ಚಕ್ರ ನೆಲ ಬಿಟ್ಟಿದೆ, ಆದ್ದರಿಂದ ಶಾಕ್ ಹಗುರವಾಗಿದೆ ಎಂದು ತಿಳಿಯುವುದು ಈ ಕೆಲಸದಲ್ಲಿ ಆಗುವ ದೊಡ್ಡ ತಪ್ಪು. ಚೌಕಟ್ಟಿಗೇ ಆಸರೆ ಕೊಡುವ ಸ್ಟ್ಯಾಂಡ್, ಇಲ್ಲವೇ ತಯಾರಕರು ತೋರಿಸಿದ ಜಾಗದಲ್ಲಿ ಹಲಗೆಯಿಟ್ಟು ಎತ್ತುವ ಜಾಕ್ ಬೇಕು. ಮುಂದಿನ ಬ್ರೇಕ್ ಲಿವರನ್ನು ಪಟ್ಟಿಯಿಂದ ಬಿಗಿದರೆ ಗಾಡಿ ಮುಂದಕ್ಕೆ ಸರಿಯುವುದಿಲ್ಲ. ಹಿಂಚಕ್ರದ ಅಡಿಯಲ್ಲೂ ಹಲಗೆ ಇರಲೇಬೇಕು. ಆರ್ಮ್ ಪೂರ್ತಿ ಕೆಳಗೆ ಬಿದ್ದರೆ ಬ್ರೇಕಿನ ಹೋಸು ಜಗ್ಗುತ್ತದೆ.

ಸನ್ನೆಗಳ ಸರಣಿಯಿರುವ ಮಾದರಿಗಳಲ್ಲಿ ಬೋಲ್ಟುಗಳು ಯಾವ ಪಕ್ಕದಿಂದ ತೂರಿವೆ ಎಂಬುದನ್ನು ಗುರುತಿಟ್ಟುಕೊಳ್ಳಬೇಕು. ಸನ್ನೆಯ ಬೇರಿಂಗುಗಳು ಕೆಸರಿನ ಹಾದಿಯಲ್ಲೇ ಇರುವುದರಿಂದ ಬಿಚ್ಚಿದಾಗ ತೊಳೆದು ಹೊಸ ಗ್ರೀಸ್ ತುಂಬುವುದು ಲಾಭದ ಕೆಲಸ. ಅವು ತುಕ್ಕು ಹಿಡಿದು ಬಿಗಿದಿದ್ದರೆ ಹೊಸ ಶಾಕೂ ಹಳೆಯದರಂತೆಯೇ ಒರಟಾಗಿ ನಡೆಯುತ್ತದೆ.

ಹೊಂದಿಸುವುದು

ಜೋಡಿ ಶಾಕಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಬಳೆ ಇರುತ್ತದೆ. ಐದು ಮೆಟ್ಟಿಲು ಸಾಮಾನ್ಯ. ಸಿ ಸ್ಪ್ಯಾನರಿನಿಂದ ಇದನ್ನು ತಿರುಗಿಸಿದಾಗ ಸ್ಪ್ರಿಂಗ್ ಗಟ್ಟಿಯಾಯಿತು ಎನ್ನುವುದು ವಾಡಿಕೆಯ ಮಾತಾದರೂ ಅದು ನಿಜವಲ್ಲ. ಸ್ಪ್ರಿಂಗಿನ ಬಿಗುವು ಬದಲಾಗುವುದಿಲ್ಲ, ಮುಂಚಿತ ಒತ್ತಡ ಮಾತ್ರ ಹೆಚ್ಚಿ ಹಿಂಭಾಗ ಎತ್ತರದಲ್ಲಿ ನಿಲ್ಲುತ್ತದೆ. ಎರಡು ಪಕ್ಕವೂ ಒಂದೇ ಮೆಟ್ಟಿಲಲ್ಲಿರಬೇಕು.

ಸರಿಯಾದ ಮೆಟ್ಟಿಲನ್ನು ಟೇಪಿನಿಂದ ಕಂಡುಕೊಳ್ಳಬಹುದು. ಚಕ್ರ ಜೋತುಬಿದ್ದಾಗ ಅಚ್ಚಿನಿಂದ ಸೀಟಿನಡಿಯ ಒಂದು ಗೊತ್ತಾದ ಗುರುತಿಗೆ ಇರುವ ದೂರವನ್ನು ಅಳೆದು, ಸವಾರ ಕೂತ ಮೇಲೆ ಮತ್ತೆ ಅಳೆದರೆ, ಎರಡರ ವ್ಯತ್ಯಾಸವೇ ಇಳಿತ. ಮೊದಲ ಅಳತೆ 520 ಮಿಮೀ, ಎರಡನೆಯದು 490 ಆದರೆ ಇಳಿತ 30 ಮಿಮೀ. ಚಕ್ರದ ಒಟ್ಟು ಓಟದ ಕಾಲುಭಾಗದಿಂದ ಮೂರನೆಯ ಒಂದು ಭಾಗದೊಳಗೆ ಈ ಇಳಿತ ಇದ್ದರೆ ಒಳ್ಳೆಯದು. ಆಗ ಉಬ್ಬಿಗೆ ಕುಗ್ಗಲೂ ಗುಂಡಿಗೆ ಚಾಚಲೂ ಚಕ್ರಕ್ಕೆ ಜಾಗವಿರುತ್ತದೆ. ಹಿಂದೆ ನಿತ್ಯ ಭಾರ ಹೊರುವವರು ಆ ಭಾರದೊಡನೆಯೇ ಅಳೆಯಬೇಕು.

ಹಿಂಬದಿಯ ಎತ್ತರ ಬದಲಾದರೆ ಚೈನಿನ ಸಡಿಲವೂ ಬದಲಾಗುತ್ತದೆ. ಮುಂದಿನ ಸ್ಪ್ರಾಕೆಟ್, ಆರ್ಮಿನ ಕೀಲು, ಹಿಂಚಕ್ರದ ಅಚ್ಚು ಮೂರೂ ಒಂದೇ ಗೆರೆಯಲ್ಲಿ ಬಂದಾಗ ಚೈನು ಅತಿ ಬಿಗಿ. ಆಗಲೂ ತುಸು ಸಡಿಲ ಉಳಿದಿರಬೇಕು. ಮೊದಲ ಸವಾರಿ ನಿಧಾನವಾಗಿರಲಿ. ನೂರು ಕಿಲೋಮೀಟರಿನೊಳಗೆ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡಬೇಕು.

ಮಾಡಬಾರದವು

ಶಾಕಿನಿಂದ ಸ್ಪ್ರಿಂಗನ್ನು ಬೇರ್ಪಡಿಸುವುದು ಮನೆಯ ಕೆಲಸವಲ್ಲ. ಒತ್ತಿ ಕೂರಿಸಿದ ಸ್ಪ್ರಿಂಗನ್ನು ತಕ್ಕ ಕಂಪ್ರೆಸರಿಲ್ಲದೆ ಬಿಡಿಸಿದರೆ ಮೇಲಿನ ಬಿಲ್ಲೆ ಗುಂಡಿನಂತೆ ಹಾರಬಲ್ಲದು. ಟ್ರಯಂಫ್ ಹಬ್ಬಿನ ಮೇಲಿದ್ದ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ. ಎತ್ತರ ತಗ್ಗಿಸಲು ಸುರುಳಿ ಕತ್ತರಿಸಿದರೆ ಉಳಿದ ಸುರುಳಿಗಳ ಬಿಗುವು ಏರಿ ಸವಾರಿ ಒರಟಾಗುತ್ತದೆ. ಕಾಯಿಸಿದರೆ ಉಕ್ಕಿನ ಹದ ಹೋಗುತ್ತದೆ. ನೈಟ್ರೋಜನ್ ತುಂಬಿದ ಶಾಕನ್ನು ಕೊರೆಯುವುದು, ಬೆಂಕಿಗೆ ಹಾಕುವುದು ಪ್ರಾಣಾಪಾಯದ ಕೆಲಸ. ಗುಜರಿಗೆ ಕೊಡುವಾಗಲೂ ಅದು ಅನಿಲದ್ದು ಎಂದು ಹೇಳಬೇಕು. ಸೋರಿದ ಎಣ್ಣೆಯನ್ನು ಚರಂಡಿಗೆ ಬಿಡದೆ ಹಳೆಯ ಎಂಜಿನ್ ಆಯಿಲಿನೊಡನೆ ಗ್ಯಾರೇಜಿಗೆ ಒಪ್ಪಿಸುವುದು ಸರಿ.

ಹೊಸ ಶಾಕ್ ಹಾಕಿದ ಮೊದಲ ವಾರದಲ್ಲಿ ಗಾಡಿಯ ಮುಂಭಾಗ ಕೆಟ್ಟಿದೆ ಎನಿಸುವುದುಂಟು. ಹಿಂಬದಿಯ ಓಲಾಟ ಇಷ್ಟು ದಿನ ಮರೆಮಾಡಿದ್ದ ಮುಂಫೋರ್ಕಿನ ಸವೆತ ಈಗ ಎದ್ದು ಕಾಣುತ್ತದೆ, ಅಷ್ಟೇ. ಎರಡು ಚಕ್ರಗಳ ಗಾಡಿಯಲ್ಲಿ ತೂಕ ಸದಾ ಮುಂದಕ್ಕೂ ಹಿಂದಕ್ಕೂ ಹೊಯ್ದಾಡುವುದರಿಂದ, ಹಿಂದಿನ ಕೆಲಸ ಮುಗಿದ ಮೇಲೆ ಫೋರ್ಕಿನ ಎಣ್ಣೆ ಮತ್ತು ಸೀಲುಗಳನ್ನೂ ನೋಡುವುದು ಜಾಣತನ.